ಕೊಸರು ಕೇಳಿದ ಕಾನ್ಸಲಮ್ಮ

ಕಾಲು ಕೆಜಿ ಒಣಮೀನಿಗೆ ಮೊನ್ನೆ ಪಾವಗಡದ ಸಂತೆಯಲ್ಲಿ ನೂರೈವತ್ತು ರೂಪಾಯಿ ಕೊಟ್ಟೆ. ಹೆಚ್ಚಾಯಿತು, ನನಗೂ ಗೊತ್ತು. ನೂರಿಪ್ಪತ್ತಕ್ಕೆ ಇಳಿಸದೆ ಬಿಡುವವಳಲ್ಲ ನಾನು. ಆದರೆ ಮಾರುವವನು ಗೋಣಿಚೀಲ ಬಿಚ್ಚಿದ್ದೇ ತಡ, ಆ ಉಪ್ಪುವಾಸನೆ ಮೂಗಿಗೆ ಬಡಿದು ಬಾಯಿ ಕಟ್ಟಿಹೋಯಿತು. ಹಾರ್ಬರಿನ ವಾಸನೆ... ಈ ಒಣ ಊರಿನಲ್ಲಿ. ಕೇಳಿದಷ್ಟು ಕೊಟ್ಟು ಬಂದುಬಿಟ್ಟೆ.

ಇಪ್ಪತ್ತು ವರ್ಷದ ಹಿಂದೆ ನಾನು ಮದ್ರಾಸಿಗೆ ಹೋದದ್ದು ಗಾರೆ ಕೆಲಸಕ್ಕೆ. ಒಂದು ದೊಡ್ಡ ಮನೆಯ ಕಾಂಪೌಂಡು ಕಟ್ಟುತ್ತಿದ್ದೆವು. ಗೇಟಿನ ಮುಂದೆ ನಾನು ಸೊಪ್ಪಿನವಳ ಜೊತೆ ಚೌಕಾಸಿ ಮಾಡುವುದನ್ನು ಮಹಡಿಯಿಂದ ನೋಡಿದ ಮನೆಯೊಡತಿ, ಮಾರನೆಯ ದಿನವೇ ಸಾಮಾನು ತರುವ ಕೆಲಸಕ್ಕೆ ಇಟ್ಟುಕೊಂಡರು. ಅವರು ಯಾವುದೋ ಚಳಿ ದೇಶದ ಕಾನ್ಸಲ್. ಆ ಬಂದರಿನಲ್ಲಿ ತಮ್ಮ ದೇಶದ ಹಡಗು, ಜನ, ಕಾಗದಪತ್ರಗಳ ಉಸ್ತುವಾರಿ ಅವರದು. ನಾನು ಕಾನ್ಸಲಮ್ಮ ಅನ್ನುತ್ತಿದ್ದೆ.

ನೋಡುವುದೇ ಅವರ ಕಸುಬು. ಬೆಳಿಗ್ಗೆ ಕಾಫಿ ಹಿಡಿದು, ಸಮುದ್ರದಲ್ಲಿ ಸರದಿ ಕಾಯುವ ಹಡಗುಗಳನ್ನು ನೋಡುವರು. ಆಮೇಲೆ ನನ್ನನ್ನು ಕೂರಿಸಿಕೊಂಡು ಅರೆಬರೆ ಮಾತಿನಲ್ಲಿ ಕೇಳುವರು: ಹಾರ್ಬರಿನ ಮೀನು ಹರಾಜಿನಲ್ಲಿ ಕೂಗುವುದು ಗಂಡಸರು, ಬೆಲೆ ನಿಲ್ಲಿಸುವುದು ಹೆಂಗಸರು, ಯಾಕೆ? ಮೇಷ್ಟರೊಬ್ಬರು ಬಂದು ತಮಿಳು ಕಲಿಸುತ್ತಿದ್ದರು. ಬಾಯಿಗೆ ಹತ್ತಿದ್ದು ಮಾತ್ರ ನನ್ನ ಪಾವಗಡದ ಮಾತು. ಮೀಸೆ ತೀಡಿದ, ಕನ್ನಡವೂ ಬಲ್ಲ ತೆಲುಗು ಬಟ್ಲರನನ್ನು ಒಂದು ದಿನ "ಹೆಂಗಿದ್ದೀಯ್ಲಾ?" ಎಂದುಬಿಟ್ಟರು. ಅವನಿಗೆ ನನ್ನ ಮೇಲೆ ಉರಿ ಹತ್ತಿದ್ದು ಅಂದಿನಿಂದ.

ಒಂದು ಬೆಳಿಗ್ಗೆ ನಾನು ಮನೆಗೆ ಹೊರಟಾಗ ಗೇಟಿನಲ್ಲೇ ಅವನು ನನ್ನ ಚೀಲ ಬಿಚ್ಚಿಸಿದ. ಅಡಿಗೆಮನೆಗೆ ಕೊಟ್ಟು ಉಳಿದಿದ್ದ ನಾಲ್ಕು ಸಣ್ಣ ಮೀನು, ಒಂದು ಹಿಡಿ ಕರಿಬೇವು ಹೊರಬಿದ್ದವು.

"ಏಮಿಟಿದಿ? ದೊಂಗತನಮಾ?" ಎಂದು ತೆಲುಗಿನಲ್ಲಿ ಅರಚಿದ.

"ಯಾರ್ಲಾ ಕಳ್ಳಿ? ಅದು ಕೊಸರು!"

ತೂಕ ಮುಗಿದ ಮೇಲೆ ಮಾರುವವರು ಮೇಲಿಷ್ಟು ಹಾಕುತ್ತಾರಲ್ಲ, ಅದೇ ಕೊಸರು. ನಮ್ಮೂರಲ್ಲೂ ಅದೇ ಮಾತು, ತೆಲುಗರಲ್ಲೂ ಅದೇ, ತಮಿಳರು ಕೊಸುರು ಅನ್ನುತ್ತಾರೆ. ಮೂರು ಭಾಷೆಗೂ ಗೊತ್ತಿರುವ ಹಕ್ಕು ಅವನೊಬ್ಬನಿಗೆ ಗೊತ್ತಿಲ್ಲವೇ? ಆದರೂ ಕಾನ್ಸಲಮ್ಮನ ಮುಂದೆ ನಿಲ್ಲಿಸಿದ. ಕೆಲಸ ಹೋದರೆ ಹೋಗಲಿ. ಕಳ್ಳಿ ಅನ್ನಿಸಿಕೊಂಡು ಊರಿನ ಬಸ್ಸು ಹತ್ತುವವಳಲ್ಲ ನಾನು.

"ದುಡ್ಡಿಗ್ ಬಂದಿದ್ದು ನಿಮ್ದು ಕಣಮ್ಮ, ನನ್ ಮಾತಿಗ್ ಬಂದಿದ್ದು ನಂದು" ಎಂದೆ.

ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾದವನು ಬಟ್ಲರನೇ. ಅವನ ಮುಖ ಹುಳ್ಳಗಾಯಿತು. ಕಾನ್ಸಲಮ್ಮ, "ನಾಳೆ ನಾನು ನೋಡ್ತೀನಿ" ಎಂದರು.

ಮರುದಿನ ಹಾರ್ಬರಿನಲ್ಲಿ ನಮ್ಮಿಬ್ಬರನ್ನೂ ದೂರ ನಿಲ್ಲಿಸಿ, ನಾನು ಕೊಳ್ಳುವ ಮೀನಿನವಳ ಹತ್ತಿರ ಅವರೇ ಹೋದರು. ಅದೇ ಮೀನು, ಅದೇ ಬೆಲೆ. ಕೊಂಡ ಮೇಲೆ ಕೈ ಚಾಚಿ, "ಕೊಸರು" ಎಂದರು. ಮೀನಿನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನೀಕಾ ಕೊಸರು? ಪೋಯಿ ಆ ಪಾವಗಡದಾನ್ನಿ ಪಂಪು!"

ನಿನಗೆಂಥ ಕೊಸರು, ಹೋಗಿ ಆ ಪಾವಗಡದವಳನ್ನು ಕಳಿಸು ಅಂತ. ಕಾನ್ಸಲಮ್ಮ ಖಾಲಿ ಕೈಯನ್ನು ಹಾಗೇ ಚಾಚಿಕೊಂಡು ನಮ್ಮ ಹತ್ತಿರ ಬಂದು, ಬಟ್ಲರನ ಮೂಗಿನ ಕೆಳಗೆ ಹಿಡಿದರು. "ನೋಡ್ಲಾ, ಇಲ್ಲ. ಕೊಸರು ಇವಳ್ದು."

ಆಮೇಲೆ ವಾರವಾರವೂ ನನ್ನ ಜೊತೆ ಬಂದು ಕಲಿತರು. "ಇಲ್ಲಿ ಯಾರೂ ತಕ್ಕಡಿ ನೋಡಲ್ಲ, ಚಾಚಿದ ಕೈ ಯಾರದು ಅಂತ ನೋಡ್ತಾರೆ. ನನ್ನ ಕೆಲಸದಲ್ಲೂ ಅಷ್ಟೇ" ಎಂದಿದ್ದರು ಒಮ್ಮೆ. ಮೂರು ತಿಂಗಳಿಗೆ ಹೆಬ್ಬೆರಳುದ್ದದ ಒಂದು ಮೀನು ಗಿಟ್ಟಿಸಿದರು. ಅದನ್ನು ಹುರಿಸಿ, ಎರಡು ತುಂಡು ಮಾಡಿಸಿ, ಅರ್ಧ ನನಗೆ ಕೊಟ್ಟರು. ತಟ್ಟೆ ತಂದಿಟ್ಟವನು ಬಟ್ಲರ್!

ಮೂರನೆಯ ವರ್ಷ ಅವರಿಗೆ ವರ್ಗವಾಯಿತು. ನಾನು ಊರಿಗೆ ಬಂದು ಅಂಗಡಿ ಇಟ್ಟೆ. ಹೋದ ವರ್ಷ ಅದೇ ಬಟ್ಲರ್ ಫೋನು ಮಾಡಿ, ಅಮ್ಮ ಅವರ ದೇಶದಲ್ಲಿ ತೀರಿಕೊಂಡರು ಎಂದ.

ಮೊನ್ನೆ ಬಸ್‌ಸ್ಟ್ಯಾಂಡಿನವರೆಗೂ ಬಂದ ಮೇಲೆ ಹೊಳೆಯಿತು: ಕೊಸರು ಕೇಳಿಯೇ ಇಲ್ಲ. ತಿರುಗಿ ಹೋದೆ.

"ಮಿಷನ್ನಲ್ಲಿ ತೂಕ ಕರೆಕ್ಟಾಗಿ ಬಂದದೆ ಕಣಮ್ಮ, ಇನ್ನೆಂಥ ಕೊಸರು?" ಎಂದ ಮೀನಿನವನು.

ನಾನು ಕಾನ್ಸಲಮ್ಮನ ಹಾಗೆ ಕೈ ಚಾಚಿ ನಿಂತೆ. ಹಿಂದಿನ ಗಿರಾಕಿಗಳು ಗೊಣಗಿದರು. ನಿಂತೇ ಇದ್ದೆ. ಕಡೆಗೆ ಎರಡು ಮೀನು ಹಾಕಿದ. ಅರ್ಧ ಕೊಡಲು ಈಗ ಆ ಕಡೆ ಯಾರೂ ಇಲ್ಲ.

ನೀವೂ ಅಷ್ಟೇ ಮಾಡಿ. ಮಿಷನ್ ತೋರಿಸಿದರೆ ಹೆದರಬೇಡಿ, ತೂಕ ಮುಗಿದ ಮೇಲೂ ಕೈ ಹಿಂದಕ್ಕೆ ತೆಗೆದುಕೊಳ್ಳಬೇಡಿ. ಸಿಕ್ಕಿದ್ದನ್ನು ಚೀಲದ ತಳದಲ್ಲಿ ಮುಚ್ಚಿಡಬೇಡಿ, ಮೇಲೇ ಇಡಿ. ಯಾವ ಗೇಟಿನಲ್ಲಿ ಯಾರು ಬಿಚ್ಚಿಸಿದರೂ ಮೊದಲು ಅದೇ ಕಾಣಲಿ.