ಹೂಂಗುಟ್ಟುವವಳು

ಏಕೀಕರಣದ ಮಾತು ಎಲ್ಲರ ಬಾಯಲ್ಲಿದ್ದ ವರ್ಷ ನಾನು ಗದಗಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಪದವಿಯ ಮೊದಲ ವರ್ಷಕ್ಕೆ ನಮ್ಮ ಸೀಮೆಯ ಇತಿಹಾಸದ ಪಾಠಕ್ರಮವೊಂದನ್ನು ಕಟ್ಟಿ ಕಲಿಸಲು ಪ್ರಾಚಾರ್ಯರು ಹೇಳಿದರು. ರಾಜರ ಹೆಸರುಗಳಿಂದ ತೊಡಗಲು ನನಗೆ ಮನಸ್ಸಾಗಲಿಲ್ಲ. ಅವ್ವ ಕಥೆ ಹೇಳುತ್ತಿದ್ದ ಕ್ರಮವನ್ನೇ ಹಿಡಿದೆ: ಯಾರಾದರೂ ಮನೆ ಬಿಟ್ಟು ಹೊರಡಬೇಕು, ದಾರಿಯಲ್ಲಿ ತಡೆ ಬರಬೇಕು, ಆ ತಡೆಯ ಹತ್ತಿರವೇ ಅಂದಿನ ಕಥೆ ನಿಲ್ಲಬೇಕು. ಹಾಗಾಗಿ ನನ್ನ ಪಾಠಗಳಲ್ಲಿ ಶಿರಹಟ್ಟಿಯಿಂದ ಹತ್ತಿ ಹೇರಿದ ಎತ್ತಿನ ಚಕ್ಕಡಿಯೊಂದು ಗದಗಿನ ಪೇಟೆಗೆ ಹೊರಟಿತು. ಶಿರಹಟ್ಟಿ ಆಗ ಸಂಸ್ಥಾನದಲ್ಲಿತ್ತು, ಗದಗ ಬ್ರಿಟಿಷರ ಕೈಯಲ್ಲಿತ್ತು; ನಡುವಿನ ಗಡಿಯಲ್ಲಿದ್ದ ಸುಂಕದ ನಾಕಾದಲ್ಲಿ ಅದನ್ನು ತಡೆದರು. ಈ ಗಡಿಯನ್ನು ಎಳೆದವರು ಯಾರು, ಏಕೆ ಎಂದು ಕೇಳುತ್ತ ವರ್ಷವೆಲ್ಲ ಹಿಂದಿನ ಕಾಲಕ್ಕೆ ಹೋಗುವುದು. ಕೊನೆಯ ಪಾಠದಲ್ಲಿ ಸಂಸ್ಥಾನ ವಿಲೀನವಾಗಿ ಚಕ್ಕಡಿ ಪೇಟೆ ಮುಟ್ಟುವುದು.

ಪ್ರತಿ ಪಾಠವನ್ನೂ ಮೊದಲು ಕೇಳುತ್ತಿದ್ದವಳು ನನ್ನ ತಂಗಿ. ಕ್ಷಯ ಹಿಡಿದ ಮೇಲೆ ಗಂಡನ ಮನೆಯವರು ಅವಳನ್ನು ಲಕ್ಷ್ಮೇಶ್ವರದ ನಮ್ಮ ಮನೆಗೆ ತಂದು ಬಿಟ್ಟಿದ್ದರು. ರವಿವಾರ ಬಸ್ಸಿಗೆ ಹೋಗಿ, ಪಡಸಾಲೆಯಲ್ಲಿ ಅವಳ ಹಾಸಿಗೆಯಿಂದ ತುಸು ದೂರ ಕೂರುತ್ತಿದ್ದೆ. ಹೂಂಗುಟ್ಟುವವರಿಲ್ಲದೆ ಕಥೆ ಹೇಳಬಾರದೆಂಬುದು ಅವ್ವನ ಕಟ್ಟಳೆ. ಚಿಕ್ಕಂದಿನಿಂದ ಆ ಕೆಲಸ ತಂಗಿಯದೇ. ಅವಳ ಹೂಂ ಸಡಿಲವಾದಲ್ಲಿ ನಾನು ಪಾಠವನ್ನು ತಿದ್ದುತ್ತಿದ್ದೆ.

“ನಿಮ್ಮ ಕಾಲೇಜ ಹುಡುಗೂರು ಹೂಂ ಅಂತಾರೇನ?” ಎಂದು ಒಮ್ಮೆ ಕೇಳಿದಳು.

ಇಲ್ಲ, ಸುಮ್ಮನೆ ಕೂತಿರುತ್ತಾರೆ ಎಂದೆ.

“ಹಂಗಾರ ಗ್ವಾಡಿಗೆ ಹೇಳಿ ಬರ್ತಿ ಅನ್ನು.” ನಕ್ಕಳು. ನಗು ಕೆಮ್ಮಾಯಿತು.

ಚಳಿ ಕಳೆಯುವ ಹೊತ್ತಿಗೆ ಕೊನೆಯ ಪಾಠವೊಂದೇ ಉಳಿದಿತ್ತು. ಅವಳಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಒಂದು ರವಿವಾರ ಅದನ್ನೂ ಹೇಳಿ ಮುಗಿಸೋಣವೆಂದು ತೊಡಗಿದೆ. ಅವಳು ಕೈ ಅಡ್ಡ ಮಾಡಿದಳು.

“ಇವತ್ತ ಬ್ಯಾಡ ಅಕ್ಕಾ. ಚಕ್ಕಡಿ ನಾಕಾದಾಗ ಇರ್ಲಿ. ಬರೂ ಐತವಾರಕ್ಕ ಏನರ ಒಂದ್ ಬೇಕಲ್ಲ ನನಗ.”

ನಾನು ಒತ್ತಾಯ ಮಾಡಲಿಲ್ಲ. ಆ ರವಿವಾರ ಬರುವ ಮೊದಲೇ ಅವಳು ಹೋದ ಸುದ್ದಿ ಬಂತು.

ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ ಕೊನೆಯ ಪಾಠ ಮಾಡಿದೆ. ನಾಕಾದ ಅಡ್ಡಗಂಬ ಮೇಲೆದ್ದಿತು, ಎತ್ತುಗಳು ಹೆಜ್ಜೆ ಕಿತ್ತವು. ಪ್ರತಿ ಮಾತಿನ ಕೊನೆಗೂ, ಅವಳ ಹೂಂ ಬರುವಷ್ಟು ಹೊತ್ತು, ನಾನು ಮಾತು ನಿಲ್ಲಿಸುತ್ತಿದ್ದೆ. ಬರೆದುಕೊಳ್ಳಲೆಂದು ನಿಲ್ಲಿಸುತ್ತಿದ್ದೇನೆ ಎಂದುಕೊಂಡು ವಿದ್ಯಾರ್ಥಿಗಳು ತಲೆ ಬಗ್ಗಿಸಿ ಬರೆಯುತ್ತಿದ್ದರು.

ಚಕ್ಕಡಿ ಪೇಟೆ ಮುಟ್ಟಿತು ಎಂದೆ. ನಿಬ್ಬುಗಳ ಸದ್ದು ಅಡಗಿದ ಮೇಲೂ ಕಾಯುತ್ತ ನಿಂತಿದ್ದೆ.