ಅಕ್ಕ ಬಾಣಂತನ ಮಾಡಿದ ಹಸಿರು ಹಕ್ಕಿ

ಜೋಡಿಗೆ ಆರುನೂರು ಎಂದ. ನಾನೂರೈವತ್ತಕ್ಕೆ ಇಳಿಸಿದೆ. ಪಂಜರದ ದರದಲ್ಲೂ ಒಂದಿಷ್ಟು ಕಡಿಮೆ ಮಾಡಿಸಿ, ಕೊನೆಗೆ ಬೇಡವೆಂದು ಎದ್ದು ಹೊರಟವಳಂತೆ ಮಾಡಿ, ಒಳಗೆ ತೂಗುಹಾಕುವ ಮಣ್ಣಿನ ಗಡಿಗೆಯನ್ನು ಪುಕ್ಕಟೆ ಇಡಿಸಿಕೊಂಡೆ. ಸವಣೂರಿನಲ್ಲಿ ಎಲೆ ಪೇಟೆಯ ಹಿಂದಿನ ಓಣಿಯಲ್ಲಿ ಹಕ್ಕಿ ಸಾಕಿ ಮಾರುವವನು "ನಿಮ್ಮ ಕೂಡ ಯಾಪಾರ ಅಂದ್ರ ನಮ್ಮ ಮನಿಗೆ ನಾವೇ ಕಳ್ಳರನ್ನ ಕರದಂಗರಿ ಅಕ್ಕಾರ" ಎಂದು ನಕ್ಕ. ಹಕ್ಕಿಯ ಮೇಲೆ ಒಂದು ರೂಪಾಯಿ ಹಾಕುವ ಪೈಕಿ ಅಲ್ಲ ನಾನು. ಹಾಕಿದ್ದು ಅಕ್ಕನಿಗಾಗಿ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ತೀರಿದ ಮೇಲೆ ನನ್ನ ಹತ್ತಿರ ಬಂದಳು. ನನಗೆ ಸಂಸಾರವಿಲ್ಲ. ಹಳೇ ಸೀರೆ ಇಸಿದುಕೊಂಡು ಬಕೆಟ್ಟು ಕೊಡುತ್ತ ಊರೂರು ತಿರುಗಿದವಳು, ಈಗ ಹಾನಗಲ್ಲಿನಲ್ಲಿ ಪ್ಲಾಸ್ಟಿಕ್ ಸ್ಟೀಲ್ ಸಾಮಾನಿನ ನನ್ನದೇ ಅಂಗಡಿ ಇದೆ, ಅದರ ಹಿಂದೆ ಎರಡು ಕೋಣೆ. ಸಂತೆಯ ದಿನ ಸಾಮಾನು ಕಟ್ಟಿಕೊಂಡು ಸುತ್ತಲಿನ ಊರುಗಳಿಗೂ ಹೋಗುತ್ತೇನೆ. ಅಕ್ಕನ ಕಸುಬು ಬಾಣಂತನ. ಹೆರಿಗೆ ಆಸ್ಪತ್ರೆಯಲ್ಲಾದರೂ ಮನೆಗೆ ಬಂದ ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯಲು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಲು ನಮ್ಮ ಕಡೆ ಈಗಲೂ ಅನುಭವದ ಕೈ ಬೇಕು. ಅಕ್ಕನ ಕೈಯಲ್ಲಿ ಎರೆಸಿಕೊಂಡ ಕೂಸುಗಳು ಈಗ ಮೀಸೆ ತಿರುವುತ್ತ ನನ್ನ ಅಂಗಡಿಗೆ ಬಂದು ರೇಟು ಕೇಳುತ್ತಾರೆ. ಆದರೆ ಅಕ್ಕನಿಗೆ ಕೈ ನಡುಕ ಶುರುವಾಯಿತು. ಒಂದು ಮನೆಯಲ್ಲಿ ಎಣ್ಣೆ ಹಚ್ಚಿದ ಕೂಸು ಜಾರಿತು. ತಾಯಿ ಹಿಡಿದುಕೊಂಡಳು, ಕೂಸಿಗೆ ಏನೂ ಆಗಲಿಲ್ಲ. ಅಕ್ಕ ಮನೆ ಮುಟ್ಟುವ ಮೊದಲೇ ಸುದ್ದಿ ಓಣಿ ಮುಟ್ಟಿತ್ತು. ಆಮೇಲೆ ಯಾರೂ ಕರೆಯಲಿಲ್ಲ. ಅವಳು ಕಿಟಕಿಯ ಹತ್ತಿರ ಕೈ ಮಡಚಿಕೊಂಡು ಕೂರತೊಡಗಿದಳು. ರೊಟ್ಟಿ ಒಂದಕ್ಕೆ ಇಳಿಯಿತು, ಅರ್ಧಕ್ಕೆ ಇಳಿಯಿತು. ಕಣ್ಣ ಮುಂದೆ ಒಂದು ಜೀವ ಓಡಾಡಿಕೊಂಡಿದ್ದರೆ ಊಟವಾದರೂ ಸೇರೀತು ಎಂದು ನಾನು ಲೆಕ್ಕ ಹಾಕಿದೆ.

ಪೇಟೆಯಲ್ಲಿ ಇವಕ್ಕೆ ಲವ್ ಬರ್ಡ್ಸ್ ಎನ್ನುತ್ತಾರೆ. ತಿಳಿದವರು ಬಡ್ಜಿ ಎನ್ನುತ್ತಾರೆ. ನಾನು ತಂದವುಗಳಲ್ಲಿ ಮೂಗಿನ ಮೇಲೆ ನೀಲಿ ಇದ್ದದ್ದು ಗಂಡು, ಕಂದು ಇದ್ದದ್ದು ಹೆಣ್ಣು. ಗಂಡು ತಿಂಗಳೊಳಗೇ ಪಂಜರ ತೊಳೆಯುವಾಗ ಹಾರಿಹೋಯಿತು. ಉಳಿದದ್ದು ಹಸಿರು ಮೈಯ ಹೆಣ್ಣು. ಸ್ವಲ್ಪ ದಿನಕ್ಕೆ ಅದು ಗಡಿಗೆಯೊಳಗೆ ಹೊಕ್ಕು ತತ್ತಿ ಇಡಲು ಹತ್ತಿತು. ಗಂಡಿಲ್ಲದೆಯೂ ಇವು ಇಡುತ್ತವೆ, ಫಾರಂ ಕೋಳಿಯ ಹಾಗೆ. ಮರಿ ಮಾತ್ರ ಆಗುವುದಿಲ್ಲ. ಇದನ್ನು ಅಕ್ಕನಿಗೆ ಎಷ್ಟು ಸಲ ಹೇಳಿದರೂ ಅವಳು ಕೇಳಿದ್ದು "ಇಟ್ಟಿದೆ" ಎನ್ನುವುದನ್ನು ಮಾತ್ರ.

ಓಣಿಯ ಹೆಂಗಸರು ಬಂದು ಇಣುಕಿ, "ಗಂಡ ಓಡಿ ಹ್ವಾದ ಮ್ಯಾಲ ಬಸುರಾಗೇತೆಲ್ಲ ಯಕ್ಕಾ ನಿನ್ನ ಹಕ್ಕಿ, ಯಾರ ಹೆಸರ ಹೇಳತೈತಿ?" ಎಂದರು.

"ನಿಮ್ಮ ಗಂಡಂದಿರ ಹೆಸರ ಹೇಳೂದಿಲ್ಲ, ಹೆದರಬ್ಯಾಡ್ರಿ" ಎಂದಳು ಅಕ್ಕ.

ವರ್ಷದ ಮೇಲೆ ಅವಳ ಬಾಯಿಂದ ಬಂದ ಮೊದಲ ಚೇಷ್ಟೆ ಅದು. ಅಂಗಡಿಯಲ್ಲಿ ಕೂತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಎದುರಿಗಿದ್ದ ಗಿರಾಕಿಗೆ ಕೇಳಿದ ದರಕ್ಕೇ ಬುಟ್ಟಿ ಕೊಟ್ಟುಬಿಟ್ಟೆ.

ಅಲ್ಲಿಂದ ಬಾಣಂತನ ಶುರು. ಗಾಳಿ ಸೋಕಬಾರದು ಎಂದು ಪಂಜರದ ಮೂರು ಕಡೆ ಹಳೇ ಸೀರೆ ಬಿಗಿದಳು. ಒಳಗೆ ಒಂದು ಬೆಚ್ಚನೆಯ ಗವಿಯಾಯಿತು. ನವಣೆ ನೆನೆಸಿ ಮೊಳಕೆ ಬರಿಸಿ ಹಾಕಿದಳು. ಬೇಯಿಸಿದ ಕೋಳಿ ತತ್ತಿಯ ಹಳದಿ, ಕೊಬ್ಬರಿ ತುರಿ, ಬಾಣಂತಿಯರಿಗೆ ಪಾಯಸ ಮಾಡುವ ಅಳ್ವಿ ಬೀಜ, ಎಲ್ಲವೂ ಬಂತು. ಬಾಣಂತಿಯ ಹಾಸಿಗೆ ಶುದ್ಧ ಇರಬೇಕೆಂದು ಇಟ್ಟ ತತ್ತಿಯನ್ನು ಇಟ್ಟ ಹಾಗೇ ತೆಗೆದು ಗಡಿಗೆ ಒರೆಸುವಳು. ಬೆರಳಿನಿಂದ ಅದರ ಬೆನ್ನು ಸವರುವಳು. ಅದು ರೆಕ್ಕೆ ಇಳಿಬಿಟ್ಟು ಸುಮ್ಮನೆ ಕೂರುವುದು. ನಡುಗುವ ಕೈ ಆ ಹೊತ್ತಿನಲ್ಲಿ ಅಷ್ಟಾಗಿ ನಡುಗುತ್ತಿರಲಿಲ್ಲ. ಪಂಜರ ಅಂಗಡಿಗೂ ಮನೆಗೂ ನಡುವಿನ ಬಾಗಿಲಲ್ಲಿತ್ತು. ಲಗ್ನದ ಸುಗ್ಗಿಯಲ್ಲಿ ನಾನು ಬಾಗಿಲು ಹಾಕುವ ತನಕ ಟ್ಯೂಬ್ ಲೈಟು ಅದರ ಮೇಲೇ ಬೀಳುತ್ತಿತ್ತು.

ತತ್ತಿ ನಿಲ್ಲಲಿಲ್ಲ. ಒಂದು ಸುತ್ತು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಬರುಬರುತ್ತ ಸಿಪ್ಪೆ ತೆಳ್ಳಗಾಗಿ, ಒಂದು ಸಲ ಮುಟ್ಟಿದರೆ ತಗ್ಗು ಬೀಳುವಂಥ ಮೆತ್ತನೆಯ ತತ್ತಿ ಬಂತು. ಹಕ್ಕಿಯ ಎದೆಯ ಎಲುಬು ಕೈಗೆ ಹತ್ತಿತು. ಸರಳಿನ ಮೇಲೆ ಕೂತಲ್ಲೇ ಕಾಲು ಸಡಿಲವಾಗುತ್ತಿತ್ತು. ಅಕ್ಕ ಇದನ್ನು ಬಾಣಂತಿಯ ನಿತ್ರಾಣ ಎಂದುಕೊಂಡು ಹಳದಿಯನ್ನು ಇನ್ನಷ್ಟು ಹಾಕಿದಳು. ಶಿಗ್ಗಾಂವಿ ಸಂತೆಯಲ್ಲಿ ನನ್ನ ಹತ್ತಿರ ಕೊಡ ಕೊಳ್ಳಲು ಬಂದ ತಡಸದ ಹೆಣ್ಣುಮಗಳು, ಜೋಡಿ ಇಲ್ಲದ್ದಕ್ಕೇ ಹೀಗಾಗಿದೆ, ಒಂದು ಗಂಡು ತಂದು ಬಿಡಿ ಎಂದಳು. ಗಂಡು ಬಂದಿದ್ದರೆ ತತ್ತಿ ಇನ್ನೂ ಹೆಚ್ಚುತ್ತಿತ್ತು; ಆ ಮಾತು ಕೇಳಲಿಲ್ಲ ಎನ್ನುವುದೊಂದೇ ಈ ಕಥೆಯಲ್ಲಿ ನನಗೆ ದಕ್ಕಿದ ಲಾಭ.

ಹಿರೇಕೆರೂರಿನ ಸಂತೆಗೆ ಹೋದಾಗ ವಿಚಾರಿಸಿದೆ. ಹಂಸಭಾವಿಯಲ್ಲಿ ಒಬ್ಬ ನಿವೃತ್ತ ದನದ ಡಾಕ್ಟರು ಮನೆಯಲ್ಲಿ ಇಂಥವೇ ಹಕ್ಕಿ ಸಾಕಿದ್ದಾರೆಂದು ಗೊತ್ತಾಯಿತು. ಮುಂದಿನ ಸಂತೆಗೆ ಹಕ್ಕಿಯನ್ನೂ ಒಯ್ದು ಅವರಿಗೆ ತೋರಿಸಿದೆ. ಅವರು ಅದನ್ನು ಅಂಗೈಯಲ್ಲಿ ಹಿಡಿದು ಹೊಟ್ಟೆ ನೋಡಿದರು, ಏನು ತಿನ್ನಿಸುತ್ತೀರಿ, ಎಲ್ಲಿ ಇಟ್ಟಿದ್ದೀರಿ ಎಂದು ಒಂದೊಂದೇ ಕೇಳಿದರು. ನಾನು ಅಕ್ಕನ ಆರೈಕೆಯನ್ನು ಹೆಮ್ಮೆಯಿಂದಲೇ ಹೇಳಿದೆ.

"ನೀವು ಬಾಣಂತನ ಮಾಡಾಕತ್ತಿಲ್ರಿ" ಎಂದರು ಅವರು. "ದಿನಾ ಬಸುರ ಮಾಡಾಕತ್ತೀರಿ. ಕತ್ತಲಿ ಗೂಡು ಐತಿ, ಹೊಟ್ಟಿ ತುಂಬ ಮೊಳಕಿ ಐತಿ, ಹೊತ್ತು ಮುಳುಗೂದ ಇಲ್ಲ. ಮರಿ ಮಾಡಾಕ ಇದಕ್ಕಿಂತ ಚಲೋ ಕಾಲ ಇಲ್ಲ ಅಂತ ಅದು ತಿಳಕೊಂಡೈತಿ. ಇಟ್ಟದ್ದನ್ನ ನೀವು ಕಸಗೊಂಡ್ರ, ಕಡಿಮಿ ಬಿತ್ತಂತ ಮತ್ತ ಇಡತೈತಿ. ಮೈಯಾಗಿನ ಸುಣ್ಣ ಎಲ್ಲಾ ಮುಗದೈತಿ. ಇನ್ನೊಂದು ತತ್ತಿ ಒಳಗ ಸಿಕ್ಕೊಂಡ್ರ ಉಳಿಯೂದಿಲ್ಲ."

ಗಡಿಗೆ ತೆಗೆಯಬೇಕು, ಸೀರೆ ಬಿಚ್ಚಬೇಕು, ಇಟ್ಟ ತತ್ತಿ ಮುಟ್ಟಬಾರದು, ಬರೀ ಕಾಳು ಮತ್ತು ಸೊಪ್ಪು, ಹೊತ್ತು ಮುಳುಗಿದರೆ ಕತ್ತಲು. ಇಷ್ಟೂ ಒಟ್ಟಿಗೆ ಆಗಬೇಕು ಎಂದರು. ಫೀ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಪಂಜರವನ್ನು ತನ್ನ ಕಡೆ ಎಳೆದುಕೊಂಡಳು.

"ಬಸುರಿ ತಾಟಿನಾಗಿನ ಅನ್ನ ಕಸಗೋ ಅಂತಿ? ನಾ ಯಾವ ಮನ್ಯಾಗೂ ಈ ಕೆಲಸ ಮಾಡಿಲ್ಲ ತಂಗಿ."

"ಅದರಾಗ ಕೂಸ ಇಲ್ಲಬೇ ಯಕ್ಕಾ. ಬರೇ ತತ್ತಿ."

"ಇಲ್ಲಂತ ಅದಕ್ಕ ಗೊತ್ತೈತೇನು?"

ನಾನು ನನ್ನ ಕಸುಬಿನ ಚೌಕಾಸಿಗೆ ಇಳಿದೆ. ಗಡಿಗೆ ತೆಗೆಯೋಣ, ಸೀರೆ ಒಂದೇ ಕಡೆ ಇರಲಿ ಎಂದೆ. ಎರಡು ಕಡೆ ಎಂದಳು. ಒಪ್ಪಿದೆ. ಹಳದಿ ದಿನ ಬಿಟ್ಟು ದಿನ ಎಂದಾಯಿತು. ತತ್ತಿ ತೆಗೆಯುವುದಿಲ್ಲ ಎಂದು ಮಾತು ಕೊಟ್ಟಳು. ಲೈಟಿನ ವಿಷಯ ಬಂದಾಗ ನಾನೇ ಹಿಂದೆ ಸರಿದೆ. ಪಂಜರವನ್ನು ಒಳಕೋಣೆಗೆ ಒಯ್ದರೆ ಅಕ್ಕನೂ ಒಳಗೇ ಕೂತುಬಿಡುತ್ತಾಳೆ, ಬಾಗಿಲಲ್ಲಿದ್ದರೆ ಗಿರಾಕಿಗಳ ಜೊತೆ ನಾಲ್ಕು ಮಾತಾದರೂ ಆಡುತ್ತಾಳೆ. ಆ ರಾತ್ರಿ ಊಟಕ್ಕೆ ಕೂತಾಗ ಒಳ್ಳೆಯ ವ್ಯವಹಾರ ಮಾಡಿದೆ ಅನ್ನಿಸಿತ್ತು. ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಿದ್ದೆವು. ಮೂರನೆಯ ಪಾರ್ಟಿಯನ್ನು ನಾವು ಕೇಳಿರಲಿಲ್ಲ.

ಹಕ್ಕಿ ಸೀರೆಯ ಮರೆಯಲ್ಲಿ ಕಾಳಿನ ಬಟ್ಟಲಿನೊಳಗೇ ತತ್ತಿ ಇಟ್ಟಿತು. ಬಟ್ಟಲು ಹೊಲಸಾಯಿತೆಂದು ಅಕ್ಕ ಅದನ್ನು ತೆಗೆದಳು. ಮಾತು ಮುರಿದೆ ಎಂದು ಅವಳಿಗೆ ಅನ್ನಿಸಿಯೂ ಇರಲಿಕ್ಕಿಲ್ಲ. ಕೈ ತಾನೇ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಅದು ಪಂಜರದ ತಳದಲ್ಲಿ ಮೈ ಉಬ್ಬಿಸಿಕೊಂಡು ಕೂತಿತ್ತು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಗುತ್ತಿತ್ತು. ಅಕ್ಕ ನೋಡಿದ ಕೂಡಲೇ "ಬ್ಯಾನಿ ತಿನ್ನಾಕತ್ತೈತಿ" ಎಂದಳು. ಹೆರಿಗೆಯ ನೋವು ಎನ್ನುವುದು ಮಾತ್ರ ಸರಿಯಾಗಿತ್ತು. ಎಣ್ಣೆ ಬಿಸಿ ಮಾಡಿ ಹೊಟ್ಟೆ ನೀವಲು ಹೊರಟವಳನ್ನು ತಡೆದು, ಮುಚ್ಚಳಕ್ಕೆ ತೂತು ಹಾಕಿದ ಡಬ್ಬಿಯಲ್ಲಿ ಬಟ್ಟೆ ಹಾಸಿ ಹಕ್ಕಿಯನ್ನಿಟ್ಟು, ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಡಬ್ಬಿ ಅಕ್ಕನ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕೂತವಳು ಏನು ಎಂದು ಕೇಳಿದ್ದಕ್ಕೆ, ನಮ್ಮ ಮನೆಯ ಬಾಣಂತಿ ಎಂದಳು. ಆಕೆ ನಗಲಿಲ್ಲ, ಕಿಟಕಿಯ ಗಾಜು ಎಳೆದು ಮುಚ್ಚಿದಳು.

ಹಂಸಭಾವಿಯಲ್ಲಿ ಡಾಕ್ಟರು ಬೆಚ್ಚಗೆ ಮಾಡಿದರು, ಹನಿ ಔಷಧ ಬಾಯಿಗೆ ಬಿಟ್ಟರು, ಕಾದರು. ಹಕ್ಕಿ ಅವರ ಅಂಗೈಯಲ್ಲೇ ಕುತ್ತಿಗೆ ಚೆಲ್ಲಿತು.

ಅಕ್ಕ ಅದರ ಹೊಟ್ಟೆ ತೋರಿಸಿ ಕೇಳಿದಳು: "ಒಳಗಿಂದು?"

"ಒಳಗ ಜೀವ ಏನೂ ಇರಲಿಲ್ರಿ ಅವ್ವಾರ" ಎಂದರು ಡಾಕ್ಟರು. "ಸಿಕ್ಕೊಂಡ ತತ್ತಿಗೆ ಸಿಪ್ಪಿ ಸೈತ ಆಗಿರಲಿಲ್ಲ."

ಅಕ್ಕ ಈಗ ಮತ್ತೆ ಕಿಟಕಿಯ ಹತ್ತಿರ ಕೂರುತ್ತಾಳೆ. ಕೈ ಎರಡನ್ನೂ ಸೆರಗಿನೊಳಗೆ ಇಟ್ಟುಕೊಂಡಿರುತ್ತಾಳೆ. ಬೇರೆ ಹಕ್ಕಿ ತರುತ್ತೇನೆ, ಬರೀ ಗಂಡುಗಳನ್ನೇ ತರುತ್ತೇನೆ ಎಂದೆ. "ನಾ ಮುಟ್ಟೂದು ಇನ್ನ ಬ್ಯಾಡವಾ" ಎಂದಳು. ಚಹಾದ ಬಟ್ಟಲನ್ನೂ ನಾನೇ ಬಾಯಿಗೆ ಹಿಡಿಯಬೇಕಾದ ದಿನಗಳಿವೆ. ಹಾನಗಲ್ಲಿನಲ್ಲೂ ಹುಬ್ಬಳ್ಳಿಯಲ್ಲೂ ಡಾಕ್ಟರಿಗೆ ತೋರಿಸಿದ್ದಾಯಿತು. ನಡುಕಕ್ಕೆ ಗುಳಿಗೆ ಕೊಡುತ್ತಾರೆ. ಊಟ ಸೇರುವುದಕ್ಕೆ ಯಾರ ಹತ್ತಿರವೂ ಏನೂ ಇಲ್ಲ. ಇದು ನೆಟ್ಟಗಾಗುತ್ತದೆ ಎಂದು ನಾನು ಈಗ ಅಂದುಕೊಳ್ಳುವುದಿಲ್ಲ.

ನಿಮ್ಮ ಮನೆಯಲ್ಲಿ ಹೆಣ್ಣು ಬಡ್ಜಿ ಇದ್ದರೆ ಕೇಳಿ. ಮಾರುವವನು ಕೊಟ್ಟನೆಂದು ಗಡಿಗೆ ತೂಗುಹಾಕಬೇಡಿ; ಗೂಡು ಕಂಡರೆ ಅದಕ್ಕೆ ಇಡುವ ಮನಸ್ಸಾಗುತ್ತದೆ. ಕಾಗದ, ಬಟ್ಟೆ, ಕತ್ತಲ ಮೂಲೆ, ಕನ್ನಡಿ ಯಾವುದೂ ಪಂಜರದೊಳಗೆ ಬೇಡ. ಹಾಗಿದ್ದೂ ಇಟ್ಟರೆ ತೆಗೆಯಬೇಡಿ, ಮೂರು ವಾರ ಕಾವು ಕೂತು ಅದಕ್ಕೇ ಬೇಸರ ಬರಲಿ. ಒಡೆದರೆ ಆ ಜಾಗದಲ್ಲಿ ಅಷ್ಟೇ ಗಾತ್ರದ ಪ್ಲಾಸ್ಟಿಕ್ ತತ್ತಿ ಇಡಿ. ಮೊಳಕೆ, ಹಳದಿ, ಕೊಬ್ಬರಿ ನಿಲ್ಲಿಸಿ. ಸಮುದ್ರನೊರೆ ಎಂದು ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಕಡಲ ಜೀವಿಯ ಬಿಳಿ ಎಲುಬು ಕೊಡುತ್ತಾರೆ. ಪುಡಿಯಲ್ಲ, ಇಡೀ ತುಂಡು ತಂದು ಕಂಬಿಗೆ ಕಟ್ಟಿ, ಅದರಲ್ಲಿ ಸುಣ್ಣ ಇರುತ್ತದೆ. ಬೆನ್ನು ಸವರಬೇಡಿ, ಗಂಡು ಮುಟ್ಟಿದಂತೆ ಅದಕ್ಕೆ ಅನ್ನಿಸುತ್ತದೆ; ತಲೆ ಸಾಕು. ಪಂಜರದ ಜಾಗ ಬದಲಿಸಿ. ತಳದಲ್ಲಿ ಕೂತು ಬಾಲ ಆಡಿಸಿದರೆ ಹೊಟ್ಟೆ ಒತ್ತಬೇಡಿ. ಬೆಚ್ಚಗಿಟ್ಟು ಆ ಗಳಿಗೆಯಲ್ಲೇ ಡಾಕ್ಟರ ಹತ್ತಿರ ಓಡಿ. ಇದರಲ್ಲಿ ಅರ್ಧ ಮಾಡುತ್ತೇನೆ ಎನ್ನಬೇಡಿ. ಅರ್ಧಕ್ಕೆ ಇಲ್ಲಿ ಬೆಲೆಯೇ ಇಲ್ಲ.

ಇನ್ನೊಂದು. ಆ ಹಕ್ಕಿಯನ್ನು ನೋಡಿಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ, ಅದು ಬೇಡ ಇದು ಬೇಡ ಎಂದಷ್ಟೇ ಹೇಳಿ ಅವರ ಕೈ ಖಾಲಿ ಮಾಡಬೇಡಿ. ಮೆಂತ್ಯ ಸೊಪ್ಪು ಸೋಸುವುದು, ನೀರು ಬದಲಿಸುವುದು, ಹೊತ್ತು ಮುಳುಗಿದ ಕೂಡಲೇ ಲೈಟು ಆರಿಸಿ ಪಂಜರಕ್ಕೆ ಬಟ್ಟೆ ಮುಚ್ಚುವುದು ಅವರ ಪಾಲಿಗೇ ಇರಲಿ. ಬೆಳಗಾಗುವ ತನಕ ಆ ಬಟ್ಟೆಯನ್ನು ಯಾರೂ ಎತ್ತದಂತೆ ಅವರೇ ಕಾಯಲಿ.