ಟವೆಲಿನ ಹಿಂದಿನ ಮುಖ

ಆಲ್ಕೊಳದ ರಾಮಯ್ಯ ಕೆಟ್ಟ ಮನುಷ್ಯನೇನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಬೆವರು ಸುರಿಸಿ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ, ನಿವೃತ್ತನಾದ ಮೇಲೆ ಭದ್ರಾವತಿ ಬಿಟ್ಟು ಆಲ್ಕೊಳದ ಹಿರಿಮಗಳ ಮನೆ ಸೇರಿಕೊಂಡವನು. ಬದುಕಿನಲ್ಲಿ ಅವನು ಹೇಳಿದ ದೊಡ್ಡ ಸುಳ್ಳು ಒಂದೇ. ಆದರೆ ಆ ಒಂದಕ್ಕೇ ಎಷ್ಟು ಅನ್ನ ಹಾಕಿ ಸಾಕಿದ್ದ ಎಂದರೆ, ಅದು ಮನೆಮಗನಂತೆ ಬೆಳೆದು ನಿಂತಿತ್ತು.

ಆಲ್ಕೊಳಕ್ಕೆ ಹತ್ತಿರದ ಸವಳಂಗ ರಸ್ತೆಯ ಕಲಾ ಮ್ಯೂಸಿಯಮ್ಮಿನಲ್ಲಿ ಒಂದು ದೊಡ್ಡ ತೈಲಚಿತ್ರವಿದೆ. ಹಿಂದೊಮ್ಮೆ ಕಲಾವಿದರೊಬ್ಬರು ಕಾರ್ಖಾನೆಗೆ ಬಂದು, ಕುಲುಮೆಯ ಬಾಯಿಗೆ ಉದ್ದನೆಯ ಸರಳು ನೂಕುತ್ತಿದ್ದ ಕಾರ್ಮಿಕನೊಬ್ಬನನ್ನು ನೋಡಿ ಬರೆದದ್ದು. ಝಳ ತಡೆಯಲು ಎಲ್ಲರೂ ಮಾಡುವಂತೆ ಅವನೂ ಮುಖಕ್ಕೆ ಟವೆಲು ಸುತ್ತಿಕೊಂಡಿದ್ದಾನೆ. ಕಾಣುವುದು ಕಣ್ಣು ಮಾತ್ರ. ಅವನು ರಾಮಯ್ಯನಲ್ಲ, ರಾಮಯ್ಯನ ಜೊತೆಗಾರ ಚಂದ್ರಶೇಖರಪ್ಪ. ಚಿತ್ರ ಮ್ಯೂಸಿಯಮ್ಮಿಗೆ ಬರುವಷ್ಟರಲ್ಲಿ ಚಂದ್ರಶೇಖರಪ್ಪ ತೀರಿಕೊಂಡಿದ್ದ.

ಅದನ್ನು ನೋಡಲು ರಾಮಯ್ಯ ಅಳಿಯನ ಜೊತೆ ಹೋಗಿದ್ದ. "ಇದ್ಯಾರು ಅಂತ ನಿಮಗೇನಾದ್ರೂ ಗೊತ್ತಾ?" ಎಂದು ಅಲ್ಲಿಯ ಗುಮಾಸ್ತ ಕೇಳಿದ. ಹೆಣ್ಣು ಕೊಟ್ಟ ಮನೆಯಲ್ಲಿ ಉಂಡು ಮಲಗುವ ಮಾವನಿಗೆ ಅಳಿಯನ ಮುಂದೆ ಒಂದಿಷ್ಟು ತೂಕ ಬೇಕೆನಿಸುವುದು ಸಹಜ. "ನಾನೇ" ಎಂಬ ಮಾತು ಬಾಯಿಂದ ಜಾರಿತು. ಸ್ವಲ್ಪ ದಿನಕ್ಕೆ ಚಿತ್ರದ ಕೆಳಗೆ ಅವನ ಹೆಸರಿನ ಪಟ್ಟಿಯೂ ಬಂತು. ಆಲ್ಕೊಳ ಸರ್ಕಲ್ಲಿನ ಟೀ ಅಂಗಡಿಯವನು "ಬನ್ನಿ ಪೇಂಟಿಂಗ್ ರಾಮಯ್ನೋರೇ" ಎಂದು ಕರೆದಾಗ, ಅಲ್ಲ ಎನ್ನಲು ನಾಲಗೆ ಏಳಲಿಲ್ಲ.

ಹೀಗೇ ಹಲವು ವರ್ಷ ಕಳೆದವು. ಈ ವರ್ಷ ಇಂಪನಾ ಎಂಬ ಹುಡುಗಿ ಆ ಮ್ಯೂಸಿಯಮ್ಮಿನ ಮೇಲೆ ಸಾಕ್ಷ್ಯಚಿತ್ರ ಮಾಡಲು ಬಂದಳು. ಚಿತ್ರದಲ್ಲಿರುವ ಮನುಷ್ಯ ಇನ್ನೂ ಬದುಕಿದ್ದಾನೆ ಎಂದು ಕೇಳಿ ಅವಳಿಗೆ ನಿಧಿ ಸಿಕ್ಕಂತಾಯಿತು. ರಾಮಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋಗಿ, ಕ್ಯಾಮೆರಾದ ಮುಂದೆ ಕುಲುಮೆಯ ಕಥೆಯನ್ನು ಸೊಗಸಾಗಿಯೇ ಹೇಳುತ್ತಿದ್ದ. ಅಷ್ಟರಲ್ಲಿ ಹೊರಗೆ ಒಂದು ವ್ಯಾನು ಬಂದು ನಿಂತಿತು. ತೈಲಚಿತ್ರ ನೋಡುತ್ತಿರುವ ಜನರನ್ನೂ ಕ್ಯಾಮೆರಾದಲ್ಲಿ ತೋರಿಸಬೇಕೆಂದು ಇಂಪನಾ ಭದ್ರಾವತಿಯ ಹಳೆಯ ಕಾರ್ಮಿಕರ ಮನೆಯವರನ್ನು ಕರೆಸಿದ್ದಳು. ಅವರಲ್ಲಿ ಚಂದ್ರಶೇಖರಪ್ಪನ ಹೆಂಡತಿ ಕಾಶಮ್ಮನೂ ಇದ್ದಳು. ಇಂಥದ್ದೊಂದು ಚಿತ್ರ ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳನ್ನು ಕಂಡದ್ದೇ ರಾಮಯ್ಯ ಕುಲುಮೆಯ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ.

"ತಾತ, ಚಿತ್ರದಲ್ಲಿರೋ ಹಾಗೇ ಒಂದ್ಸಲ ನಿಂತ್ಕೊಳ್ಳಿ," ಎಂದು ಇಂಪನಾ ಅವನ ಕೈಗೆ ಬಿದಿರಿನ ಗಳವೊಂದನ್ನು ಕೊಟ್ಟಳು. ಕೈ ತನ್ನ ಹಳೆಯ ರೂಢಿಯಂತೆ ಹಿಡಿಯಿತು.

"ಉಲ್ಟಾ ಆಯ್ತಲ್ಲ ತಾತ? ಚಿತ್ರದಲ್ಲಿ ಎಡಗೈಯಲ್ಲಿ ನೂಕ್ತಿದೀರಿ."

ಚಂದ್ರಶೇಖರಪ್ಪ ಎಡಚ. ಅದು ರಾಮಯ್ಯನಿಗೆ ಮರೆತೇಹೋಗಿತ್ತು. ಕೈ ಬದಲಿಸಿದ, ಒಗ್ಗಲಿಲ್ಲ. ಗಳ ಜಾರಿ ನೆಲಕ್ಕೆ ಬಿತ್ತು. ಇಂಗು ತಿಂದ ಮಂಗನಂತೆ ನಿಂತುಬಿಟ್ಟ.

"ಹೋಗ್ಲಿ ಬಿಡಿ, ಬರೆದೋರೇ ಕೈ ಬದಲಾಯಿಸಿರ್ಬೇಕು," ಎಂದು ಇಂಪನಾ ನಕ್ಕಳು. ಅವಳಿಗೇನು ಗೊತ್ತು, ಪಾಪ. ಆದರೆ ದಿನಾ ಬುತ್ತಿ ಕಟ್ಟಿಕೊಟ್ಟವಳಿಗೆ ಗಂಡನ ಎಡಗೈ ಗೊತ್ತಿಲ್ಲವೇ? ಕಾಶಮ್ಮ ಬಾಯಿಗೆ ಸೆರಗು ಹಿಡಿದು ಚಿತ್ರವನ್ನೇ ನೋಡುತ್ತಿದ್ದಳು. ಬಗ್ಗಿ ಕೆಳಗಿನ ಹೆಸರನ್ನೂ ಓದಿದಳು. ಆಮೇಲೆ ರಾಮಯ್ಯನ ಹತ್ತಿರ ಬಂದು ಮೊಬೈಲು ತೋರಿಸಿದಳು.

"ರಾಮಣ್ಣ, ನಿಮ್ಮ ಈ ಚಿತ್ರದ್ದು ಒಂದು ಫೋಟೋ ತಗೊಳ್ಲಾ?"

ನಾಲ್ಕು ಜನರ ಮುಂದೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವನ ಮಾನ ಉಳಿಸಲೆಂದು, ಸ್ವಂತ ಗಂಡನ ಫೋಟೋ ತೆಗೆಯಲು ಅವಳು ಕಳ್ಳನ ಅಪ್ಪಣೆ ಕೇಳುತ್ತಿದ್ದಳು. ರಾಮಯ್ಯ ನಾಚಿಕೆಯಿಂದ ಹಿಡಿಯಷ್ಟಾದ.

"ತಾತ, ನೀವೂ ಪಕ್ಕದಲ್ಲಿ ನಿಂತ್ಕೊಳ್ಳಿ, ಚೆನ್ನಾಗಿರುತ್ತೆ," ಎಂದಳು ಇಂಪನಾ.

"ಬೇಡಮ್ಮ. ಅವನ ಪಕ್ಕ ನಿಲ್ಲೋ ಮುಖ ನನಗಿಲ್ಲ. ಅದು ನಾನಲ್ಲ, ಚಂದ್ರಶೇಖರಪ್ಪ. ಇವರ ಯಜಮಾನರು. ನಾನು ಸುಳ್ಳು ಹೇಳಿದ್ದು."

ಕ್ಯಾಮೆರಾ ಓಡುತ್ತಲೇ ಇತ್ತು. ರಾಮಯ್ಯ ಕಾಶಮ್ಮನ ಕಡೆ ತಿರುಗಿ ಕೈಮುಗಿದ.

"ತಪ್ಪಾಯ್ತಮ್ಮ. ಆ ಹೆಸರು ಇವತ್ತೇ ಕಿತ್ತಾಕಿಸ್ತೀನಿ. ಅವರ ಹೆಸರೇ ಹಾಕಿಸ್ತೀನಿ."

"ಹೆಸರಿಗೇನು ಬಿಡಿ ರಾಮಣ್ಣ, ಅವರು ಹೆಸರಿಗೆ ಆಸೆಪಟ್ಟೋರಲ್ಲ," ಎಂದಳು ಕಾಶಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಭದ್ರಾವತಿ ಏನು ದೂರಾನಾ? ಅವರು ಇಲ್ಲಿದಾರೆ ಅಂತ ಒಂದೇ ಒಂದು ಮಾತು ಹೇಳಿದ್ರೆ, ಇಷ್ಟು ವರ್ಷ ನಾನು ಬಸ್ ಹತ್ತಿ ಬಂದು ನೋಡ್ಕೊಂಡು ಹೋಗ್ತಿದ್ನಲ್ಲ."